ಬಾಗಿಲ ಬಳಿ ಟ್ರೇ ಹಿಡಿದು ನಿಂತವಳು: ಥೆಲ್ಮಾ ರಿಟ್ಟರ್ ಬಗ್ಗೆ ಮಾತಾಡೋಣ ಬನ್ನಿ

ಸಂಜೆಯಾಟ

ಹೋದ ಭಾನುವಾರ ಹಿಚ್‌ಕಾಕ್ ಅವರ ‘ರಿಯರ್ ವಿಂಡೋ’ ಮತ್ತೆ ನೋಡಿದೆ. 1954ರ ಸಿನಿಮಾ. ಕಾಲೇಜಿನಲ್ಲಿದ್ದಾಗ ನೋಡಿದ ಸಲ ಗ್ರೇಸ್ ಕೆಲ್ಲಿ ಬಿಟ್ಟು ಬೇರೆ ಯಾರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈ ಸಲ ನನ್ನನ್ನು ಹಿಡಿದು ಕೂರಿಸಿದ್ದು ಸ್ಟೆಲ್ಲಾ. ಕಾಲು ಮುರಿದುಕೊಂಡು ಗಾಲಿಕುರ್ಚಿಯಲ್ಲಿ ಕೂತ ಫೋಟೋಗ್ರಾಫರ್ ಜೆಫ್‌ನನ್ನು ನೋಡಿಕೊಳ್ಳಲು ಇನ್ಶೂರೆನ್ಸ್ ಕಂಪನಿಯವರು ಕಳಿಸುವ ನರ್ಸ್ ಅವಳು.

ಒಂದು ದೃಶ್ಯ ಹೇಳಲೇಬೇಕು. ಎದುರು ಮನೆಯವನು ಹೆಂಡತಿಯನ್ನು ಕೊಂದಿದ್ದಾನೆ ಅಂತ ಜೆಫ್‌ಗೆ ಅನುಮಾನ. ಸ್ಟೆಲ್ಲಾ ಅವನ ಮುಂದೆ ಬೆಳಗಿನ ತಿಂಡಿ ಇಡುತ್ತಾಳೆ. ಮೊಟ್ಟೆ, ಬೇಕನ್, ಕಾಫಿ. ಅವನು ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಇವಳು ಪಕ್ಕದಲ್ಲಿ ನಿಂತು ಲೆಕ್ಕ ಹಾಕುತ್ತಾಳೆ. ಹೆಣವನ್ನು ಅವನು ಎಲ್ಲಿ ಕತ್ತರಿಸಿರಬಹುದು? ಸ್ನಾನದ ತೊಟ್ಟಿಯಲ್ಲೇ ಇರಬೇಕು, ರಕ್ತ ತೊಳೆಯೋಕೆ ಬೇರೆ ಜಾಗ ಎಲ್ಲಿದೆ? ಜೆಫ್‌ನ ಕೈ ಅಲ್ಲೇ ನಿಂತುಬಿಡುತ್ತದೆ. ಸ್ಟೆಲ್ಲಾಗೆ ಅದರ ಪರಿವೆಯೇ ಇಲ್ಲ. ಇವತ್ತು ಎಷ್ಟು ಪಾವು ಅಕ್ಕಿ ಹಾಕಬೇಕು ಅಂತ ಯೋಚಿಸುವವರ ಮುಖ ಹೇಗಿರುತ್ತದೋ ಹಾಗೇ ಇದೆ ಅವಳ ಮುಖ. ನಗಿಸಬೇಕು ಅಂತ ಆಕೆ ಎಲ್ಲೂ ಪ್ರಯತ್ನ ಪಡುವುದಿಲ್ಲ. ಅದಕ್ಕೇ ನಗು ಬರುತ್ತದೆ, ಮೈ ಜುಮ್ ಅನ್ನುವುದೂ ಅದಕ್ಕೇ.

ಆ ನಟಿ ಥೆಲ್ಮಾ ರಿಟ್ಟರ್. 1902ರ ಫೆಬ್ರವರಿ 14ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ಮೊದಲ ಸಲ ಸಿನಿಮಾದಲ್ಲಿ ಕಾಣಿಸಿಕೊಂಡಾಗ ಅವರಿಗೆ 45 ವರ್ಷ. ಆ ಸಿನಿಮಾದ ಹೆಸರುಪಟ್ಟಿಯಲ್ಲಿ ಅವರ ಹೆಸರೂ ಇರಲಿಲ್ಲ. ಆಮೇಲೆ 6 ಸಲ ಆಸ್ಕರ್‌ಗೆ ನಾಮಿನೇಟ್ ಆದರು, ಒಂದೂ ಬರಲಿಲ್ಲ.

ಅವರ ಏಳೆಂಟು ಸಿನಿಮಾ ನೋಡಿದ ಮೇಲೆ ನನಗೆ ಒಂದು ವಿಷಯ ಬಲವಾಗಿ ಅನ್ನಿಸಿದೆ. ಕೆಲಸದವಳು, ನರ್ಸ್, ಅಮ್ಮ, ಬಾಡಿಗೆಗೆ ರೂಮು ಕೊಡುವವಳು, ಬೀದಿಯಲ್ಲಿ ಟೈ ಮಾರುವವಳು, ಯಾವ ಪಾತ್ರವೇ ಆಗಲಿ, ಅವರು ಬಾಗಿಲ ಬಳಿ ನಿಂತಿರುತ್ತಾರೆ. ಒಳಗಿನವರಿಗೆ ಕಾಣದ್ದು ಅವರಿಗೆ ಮೊದಲು ಕಾಣುತ್ತದೆ. ಅದನ್ನು ಬಾಯಿಬಿಟ್ಟು ಹೇಳುತ್ತಾರೆ ಕೂಡ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೋಡಿದವರು ಇದ್ದರೆ ಬನ್ನಿ, ಮಾತಾಡೋಣ.

ಕಾಫಿತೋಟ

ಒಳ್ಳೇ ವಿಷಯ ಎತ್ತಿದಿರಿ. ಈ ಮುಖ ಎಲ್ಲೋ ನೋಡಿದ್ದೇನಲ್ಲ ಅಂತ ಎಷ್ಟೋ ಸಲ ಅನ್ನಿಸಿದೆ, ಹೆಸರು ಈಗ ಗೊತ್ತಾಯಿತು. ಆ 6 ನಾಮಿನೇಷನ್‌ನಲ್ಲಿ ‘ರಿಯರ್ ವಿಂಡೋ’ ಕೂಡ ಒಂದು ಅಲ್ವಾ?

ಸಂಜೆಯಾಟ

ಅಲ್ಲ! ನನಗೂ ಅದೇ ಅಂದಾಜಿತ್ತು, ಹುಡುಕಿ ನೋಡಿದರೆ ಅದಕ್ಕೆ ನಾಮಿನೇಷನ್ನೇ ಇಲ್ಲ. ಬಂದದ್ದು 1950ರ ‘ಆಲ್ ಅಬೌಟ್ ಈವ್’, 1951ರ ‘ದ ಮೇಟಿಂಗ್ ಸೀಸನ್’, 1952ರ ‘ವಿತ್ ಎ ಸಾಂಗ್ ಇನ್ ಮೈ ಹಾರ್ಟ್’, 1953ರ ‘ಪಿಕಪ್ ಆನ್ ಸೌತ್ ಸ್ಟ್ರೀಟ್’ ಸಿನಿಮಾಗಳಿಗೆ. ಸಾಲಾಗಿ 4 ವರ್ಷ. ಆಮೇಲೆ 1959ರ ‘ಪಿಲೋ ಟಾಕ್’, 1962ರ ‘ಬರ್ಡ್‌ಮನ್ ಆಫ್ ಆಲ್ಕಟ್ರಾಜ್’. ಎಲ್ಲವೂ ಪೋಷಕ ನಟಿ ವಿಭಾಗದಲ್ಲೇ. ಆ ವಿಭಾಗದಲ್ಲಿ ಇಷ್ಟು ಸಲ ನಾಮಿನೇಟ್ ಆದ ಇನ್ನೊಬ್ಬ ನಟಿ ಇಲ್ಲ.

ಒಂದೊಂದು ವರ್ಷವೂ ಎದುರಿಗಿದ್ದವರು ಸಾಮಾನ್ಯರಲ್ಲ. 1951ರಲ್ಲಿ ಕಿಮ್ ಹಂಟರ್, 1953ರಲ್ಲಿ ಡೊನ್ನಾ ರೀಡ್, 1962ರಲ್ಲಿ ಹದಿಹರೆಯದ ಪ್ಯಾಟಿ ಡ್ಯೂಕ್. ಅವರ ಗೆಲುವನ್ನು ತಪ್ಪು ಅನ್ನೋಕೆ ಆಗುವುದಿಲ್ಲ. ಆದರೆ 1953ರದ್ದು ಮಾತ್ರ ನನಗೆ ಇವತ್ತಿಗೂ ನೋವು. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ರಂಗದ ಹಿಂದೆ

ಸಂಜೆಯಾಟ ಅವರೇ, 45ರಲ್ಲಿ ಶುರುಮಾಡಿದರು ಅಂತ ಓದುವವರಿಗೆ ಒಂದು ಮಾತು. ಸಿನಿಮಾಕ್ಕೆ ಬಂದದ್ದು 45ಕ್ಕೆ, ನಟನೆಗೆ ಅಲ್ಲ. ನ್ಯೂಯಾರ್ಕಿನ ಅಮೆರಿಕನ್ ಅಕಾಡೆಮಿ ಆಫ್ ಡ್ರಾಮಾಟಿಕ್ ಆರ್ಟ್ಸ್‌ನಲ್ಲಿ ಕಲಿತವರು. ವಯಸ್ಸಿನಲ್ಲಿ ನಾಟಕ ಕಂಪನಿಗಳಲ್ಲಿ ದುಡಿದವರು. 1927ರಲ್ಲಿ ಜೋಸೆಫ್ ಮೊರಾನ್ ಅವರನ್ನು ಮದುವೆಯಾದರು. ಅವರೂ ನಟರೇ, ಆಮೇಲೆ ಜಾಹೀರಾತು ಕೆಲಸಕ್ಕೆ ಹೋದರು. ಇಬ್ಬರು ಮಕ್ಕಳಾದ ಮೇಲೆ ಥೆಲ್ಮಾ ರಂಗ ಬಿಟ್ಟು ಮನೆ ನೋಡಿಕೊಂಡರು. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ರೇಡಿಯೋದಲ್ಲಿ ಕೆಲಸ ಮಾಡಿದರು.

ಈ ರೇಡಿಯೋ ವಿಷಯ ನನಗೆ ಮುಖ್ಯ. ನಾನು ಹವ್ಯಾಸಿ ತಂಡವೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ರೇಡಿಯೋದಿಂದ ಬಂದ ನಟರನ್ನು ಕಣ್ಣು ಮುಚ್ಚಿಯೂ ಗುರುತು ಹಿಡಿಯಬಹುದು. ಯಾವ ಪದದ ಮೇಲೆ ಭಾರ ಹಾಕಬೇಕು, ಎಲ್ಲಿ ಸುಮ್ನೆ ಬಿಟ್ಟುಬಿಡಬೇಕು ಅಂತ ಅವರಿಗೆ ಗೊತ್ತು. ಥೆಲ್ಮಾ ಮಾತಿನಲ್ಲಿ ಅದೇ ಹದ ಇದೆ.

‘ಆಲ್ ಅಬೌಟ್ ಈವ್’ನ ಡ್ರೆಸ್ಸಿಂಗ್ ರೂಮ್ ದೃಶ್ಯ ನೆನಪಿಸಿಕೊಳ್ಳಿ. ದೊಡ್ಡ ನಟಿ ಮಾರ್ಗೊ ಆಗಿ ಬೆಟ್ಟಿ ಡೇವಿಸ್. ಅವಳ ಸಹಾಯಕಿ ಬರ್ಡಿ ಆಗಿ ಥೆಲ್ಮಾ. ಹೊಸದಾಗಿ ಬಂದ ಹುಡುಗಿ ಈವ್ ತನ್ನ ಕಷ್ಟದ ಕಥೆ ಹೇಳುತ್ತಾಳೆ. ಮಾರ್ಗೊ ಕಣ್ಣಲ್ಲಿ ನೀರು. ಬರ್ಡಿ ಎಲ್ಲ ಕೇಳಿಸಿಕೊಂಡು, ಈ ಕಥೆಯಲ್ಲಿ ಬೇಟೆನಾಯಿ ಅಟ್ಟಿಸಿಕೊಂಡು ಬರೋದೊಂದು ಕಮ್ಮಿ ಅನ್ನುವ ಅರ್ಥದ ಮಾತು ಆಡುತ್ತಾಳೆ. ಮಾರ್ಗೊ ರೇಗುತ್ತಾಳೆ. ಬರ್ಡಿ ಈವ್‌ಗೆ ಕ್ಷಮೆಯನ್ನೂ ಕೇಳುತ್ತಾಳೆ. ಆ ಕ್ಷಮೆಯಲ್ಲೇ ಇರುವುದು ನಟನೆ. ಬೇಸರ ನಿಜ, ಅನುಮಾನವೂ ನಿಜ, ಎರಡೂ ಒಂದೇ ಮುಖದಲ್ಲಿ ಇವೆ. ಇಡೀ ಕೋಣೆಯಲ್ಲಿ ಈವ್‌ಳ ಆಟ ಮೂಗಿಗೆ ಬಡಿದದ್ದು ಬರ್ಡಿಗೊಬ್ಬಳಿಗೇ. ಅವಳು ಹಳೇ ವಾಡೆವಿಲ್ ಕಲಾವಿದೆ, ಅಂದರೆ ಹಾಡು, ಕುಣಿತ, ಹಾಸ್ಯ ಎಲ್ಲ ಸೇರಿದ ರಂಗದಾಟದವಳು. ಎದುರಿಗಿರುವವರು ನಟಿಸುತ್ತಿದ್ದಾರೋ ಇಲ್ಲವೋ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗಬೇಕು?

ಬೇಜಾರಿನ ಸಂಗತಿ ಅಂದರೆ ಸಿನಿಮಾದ ದ್ವಿತೀಯಾರ್ಧದಲ್ಲಿ ಬರ್ಡಿ ಕಾಣೆಯಾಗುತ್ತಾಳೆ. ಈವ್ ಮೆಲ್ಲಗೆ ಅವಳ ಕೆಲಸವನ್ನೆಲ್ಲ ತಾನೇ ಹಿಡಿದುಕೊಳ್ಳುತ್ತಾಳೆ. ಕಥೆಗೆ ಅದು ಸರಿ. ಆದರೆ ಪ್ರತಿ ಸಲವೂ ನಾನು ಅವಳಿಗಾಗಿ ಹುಡುಕುತ್ತೇನೆ.

ಮೂರನೇ ಸಾಲು

ಎಲ್ಲರೂ ಹೊಗಳುತ್ತಿದ್ದೀರಿ, ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಾನು ‘ರಿಯರ್ ವಿಂಡೋ’, ‘ಆಲ್ ಅಬೌಟ್ ಈವ್’, ‘ಪಿಲೋ ಟಾಕ್’ ಮೂರೂ ನೋಡಿದ್ದೇನೆ. ಮೂರರಲ್ಲೂ ಒಂದೇ ಹೆಂಗಸು. ಬಾಯಿ ಜೋರು, ಮನಸ್ಸು ಒಳ್ಳೇದು. ‘ಪಿಲೋ ಟಾಕ್’ನಲ್ಲಿ ಡೋರಿಸ್ ಡೇ ಮನೆ ಕೆಲಸದವಳು, ದಿನಾ ಬೆಳಗ್ಗೆ ಹಿಂದಿನ ರಾತ್ರಿಯ ಕುಡಿತದ ತಲೆನೋವು ಹೊತ್ತು ಬರುತ್ತಾಳೆ. ನಗು ಬಂತು, ಇಲ್ಲ ಅನ್ನಲ್ಲ. ಆದರೆ ಒಬ್ಬ ಕಲಾವಿದೆ ಅಂದಮೇಲೆ ಬೇರೆ ಬೇರೆ ಮನುಷ್ಯರಾಗಬೇಕಲ್ವಾ?

ದಾದಿ ಅಕ್ಕ

ನಾನು ಸಿನಿಮಾ ಬಗ್ಗೆ ತಿಳಿದವಳಲ್ಲ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ನನ್ನದು, 11 ವರ್ಷವಾಯಿತು. ಈ ಚರ್ಚೆ ನೋಡಿ ನಿನ್ನೆ ರಾತ್ರಿ ‘ರಿಯರ್ ವಿಂಡೋ’ ನೋಡಿದೆ.

ಸ್ಟೆಲ್ಲಾ ಜೆಫ್‌ಗೆ ಬೆನ್ನು ತಿಕ್ಕುವ ದೃಶ್ಯ ನೋಡಿ ಎದ್ದು ಕೂತೆ. ಕೈಗೆ ಎಣ್ಣೆಯಂಥದ್ದು ಹಾಕಿಕೊಳ್ಳುತ್ತಾಳೆ, ತಿಕ್ಕುತ್ತಾ ಇರುತ್ತಾಳೆ, ಬಾಯಿ ಅದರ ಪಾಡಿಗೆ ಅವನ ಮದುವೆ ವಿಷಯ ಮಾತಾಡುತ್ತಿರುತ್ತದೆ. ನಮ್ಮ ಕೆಲಸದಲ್ಲಿ ಹಾಗೇ. ಮಾತಾಡುತ್ತಾ ಇದ್ದರೆ ರೋಗಿಗೆ ಮುಜುಗರ ಆಗುವುದಿಲ್ಲ. ನರ್ಸ್ ಪಾತ್ರ ಮಾಡುವ ಎಷ್ಟೋ ಜನ ರೋಗಿಯನ್ನು ಗಾಜಿನ ಲೋಟ ಮುಟ್ಟಿದ ಹಾಗೆ ಮುಟ್ಟುತ್ತಾರೆ. ಈ ಅಮ್ಮ ಹಾಗಲ್ಲ. ಅವರ ಕೈ ನೋಡಿದರೆ ಇದು ದಿನಾ ಮಾಡುವ ಕೆಲಸ ಅಂತ ನಂಬಿಕೆ ಬರುತ್ತದೆ.

ಇನ್ನೊಂದು. ರೋಗಿ ಇರುವ ಮನೆಯಲ್ಲಿ ನಮಗೆ ಎಲ್ಲ ತಿಳಿಯುತ್ತದೆ. ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರಿಗೆ ನಿಜವಾಗಿ ಸಂಕಟ, ಯಾರು ಬಂದು ತೋರಿಸಿಕೊಂಡು ಹೋಗುತ್ತಾರೆ. ಬಾಯಿ ಬಿಡುವ ಹಾಗಿಲ್ಲ. ಒಂದು ಮನೆಯಲ್ಲಿ ಅಜ್ಜಿ ಊಟ ಬಿಡೋಕೆ ಕಾರಣ ಕಾಯಿಲೆಯಲ್ಲ, ಅವರ ಮಂಚವನ್ನು ಕಿಟಕಿಯಿಂದ ದೂರ ಸರಿಸಿದ್ದು ಅಂತ ನನಗೆ ಎರಡೇ ದಿನಕ್ಕೆ ಗೊತ್ತಾಗಿತ್ತು. ಹೇಳಿದೆ. ನಿಮ್ಮ ಕೆಲಸ ನೀವು ಮಾಡಿ ಅಂದರು. ಮೂರು ವಾರ ಆದಮೇಲೆ ಅವರೇ ಮಂಚ ಹಿಂದಕ್ಕೆ ಹಾಕಿದರು. ಸಂಜೆಯಾಟ ಅಣ್ಣ ಬಾಗಿಲ ಬಳಿ ನಿಂತವಳು ಅಂತ ಬರೆದದ್ದು ಓದಿ ನನಗೆ ಆ ಅಜ್ಜಿ ನೆನಪಾದರು.

ಸಂಜೆಯಾಟ

ಅಕ್ಕ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಾನು ಅಷ್ಟು ಸಲ ನೋಡಿದರೂ ಅವರ ಕೈ ಗಮನಿಸಿರಲಿಲ್ಲ.

ಮೂರನೇ ಸಾಲು ಅವರೇ, ನೀವು ನೋಡಿದ ಮೂರೂ ಸಿನಿಮಾದಲ್ಲಿ ಆಕೆ ಇನ್ನೊಬ್ಬರ ಮನೆ ಕೆಲಸಕ್ಕೆ ಬಂದವಳು. ಅದಕ್ಕೇ ನಿಮಗೆ ಹಾಗೆ ಕಂಡಿರಬೇಕು. ದಯವಿಟ್ಟು ‘ಪಿಕಪ್ ಆನ್ ಸೌತ್ ಸ್ಟ್ರೀಟ್’ ನೋಡಿ. ಸ್ಯಾಮ್ಯುಯೆಲ್ ಫುಲ್ಲರ್ ಬರೆದು ನಿರ್ದೇಶಿಸಿದ್ದು. ಅದರಲ್ಲಿ ಅವರು ಮೋ. ಟೈ ಮಾರುವುದು ಹೆಸರಿಗೆ. ನಿಜವಾದ ಕಸುಬು ಪೊಲೀಸರಿಗೆ ಜೇಬುಗಳ್ಳರ ಸುಳಿವು ಮಾರುವುದು. ಯಾವ ಕಳ್ಳ ಜೇಬಿಗೆ ಹೇಗೆ ಕೈ ಹಾಕುತ್ತಾನೆ ಅಂತ ಕೇಳಿದರೆ ಸಾಕು, ಹೆಸರು ಹೇಳುತ್ತಾಳೆ. ರೇಟಿಗೆ ಪೊಲೀಸ್ ಅಧಿಕಾರಿ ಜೊತೆ ಚೌಕಾಸಿ ಮಾಡುತ್ತಾಳೆ. ಬೆಲೆ ಏರಿದೆ, ನನ್ನ ರೇಟೂ ಏರಬೇಕು ಅನ್ನುವ ಧಾಟಿ.

ಆ ದುಡ್ಡೆಲ್ಲ ಅವಳು ಕೂಡಿಡುವುದು ತನ್ನ ಮಣ್ಣಿಗೆ. ಅನಾಥ ಹೆಣಗಳನ್ನು ಹೂಳುವ ಜಾಗಕ್ಕೆ ತನ್ನ ದೇಹ ಹೋಗಬಾರದು, ಲಾಂಗ್ ಐಲೆಂಡ್‌ನಲ್ಲಿ ಒಳ್ಳೇ ಜಾಗ, ಕಲ್ಲು ಎಲ್ಲ ಇರಬೇಕು. ಅದೊಂದೇ ಅವಳ ಆಸೆ. ಅವಳು ಸುಳಿವು ಮಾರಿದ ಕಳ್ಳ ಸ್ಕಿಪ್‌ಗೂ (ರಿಚರ್ಡ್ ವಿಡ್‌ಮಾರ್ಕ್) ಅವಳ ಮೇಲೆ ಸಿಟ್ಟಿಲ್ಲ. ಅವಳೂ ಊಟ ಮಾಡಬೇಕಲ್ಲ ಅನ್ನುತ್ತಾನೆ.

ಕಡೆಗೊಂದು ರಾತ್ರಿ ಅವಳು ದಣಿದು ರೂಮಿಗೆ ಬರುತ್ತಾಳೆ. ಗ್ರಾಮಫೋನಿನಲ್ಲಿ ಒಂದು ಹಾಡು ಹಾಕುತ್ತಾಳೆ. ಕೋಣೆಯಲ್ಲಿ ಆಗಲೇ ಒಬ್ಬ ಬಂದು ಕೂತಿದ್ದಾನೆ, ಕೈಯಲ್ಲಿ ಪಿಸ್ತೂಲು. ಸ್ಕಿಪ್ ಎಲ್ಲಿದ್ದಾನೆ ಹೇಳು, ಎಷ್ಟು ಬೇಕಾದರೂ ದುಡ್ಡು ಕೊಡುತ್ತೇನೆ ಅನ್ನುತ್ತಾನೆ. ಇದೇ ಅಡ್ರೆಸ್ಸನ್ನು ಅವಳು ಮೊದಲು ಬೇರೆಯವರಿಗೆ ಮಾರಿದ್ದಾಳೆ. ಇವನಿಗೆ ಮಾತ್ರ ಮಾರುವುದಿಲ್ಲ. ದೊಡ್ಡ ಭಾಷಣ ಇಲ್ಲ, ಧೈರ್ಯದ ಪ್ರದರ್ಶನ ಇಲ್ಲ. ನನಗೆ ಸುಸ್ತಾಗಿದೆ ಕಣಪ್ಪ ಅನ್ನುವ ದನಿಯಲ್ಲೇ ಮಾತಾಡುತ್ತಾಳೆ. ನೀನು ಗುಂಡು ಹೊಡೆದರೆ ನನಗೆ ಉಪಕಾರವೇ ಆಗುತ್ತದೆ ಅನ್ನುವಲ್ಲಿಗೆ ಮಾತು ಮುಟ್ಟುತ್ತದೆ. ಕ್ಯಾಮೆರಾ ಅವಳನ್ನು ಬಿಟ್ಟು ಗ್ರಾಮಫೋನಿನ ಕಡೆ ಹೋಗುತ್ತದೆ. ಗುಂಡಿನ ಸದ್ದು ನಮಗೆ ಕೇಳಿಸುತ್ತದೆ ಅಷ್ಟೇ.

ಇದು ಸ್ಟೆಲ್ಲಾ ಅಲ್ಲ. ಬರ್ಡಿಯೂ ಅಲ್ಲ. ಇದೇ ನಾನು ಹೇಳಿದ 1953ರ ನೋವು.

ರಂಗದ ಹಿಂದೆ

‘ಬರ್ಡ್‌ಮನ್ ಆಫ್ ಆಲ್ಕಟ್ರಾಜ್’ ಕೂಡ ಸೇರಿಸಿ. ಬರ್ಟ್ ಲಂಕಾಸ್ಟರ್ ಕೈದಿ, ಇವರು ಅವನ ತಾಯಿ. ಮಗನನ್ನು ಗಲ್ಲಿನಿಂದ ಉಳಿಸಲು ಅಧ್ಯಕ್ಷರ ಹೆಂಡತಿಯ ತನಕ ಹೋಗುವವಳು. ಅದೇ ತಾಯಿ, ಮಗ ಇನ್ನೊಬ್ಬ ಹೆಂಗಸನ್ನು ಮದುವೆಯಾದಾಗ ಅವನ ವಿರುದ್ಧವೇ ತಿರುಗುತ್ತಾಳೆ. ಒಂದು ಹಾಸ್ಯದ ಮಾತಿಲ್ಲ. ತುಟಿ ಬಿಗಿಹಿಡಿದೇ ಇಡೀ ಪಾತ್ರ ಮಾಡಿದ್ದಾರೆ. ನೋಡುವಾಗ ಹೆದರಿಕೆ ಆಗುತ್ತದೆ.

ರಂಗದ ಮಾತೂ ಹೇಳಿಬಿಡುತ್ತೇನೆ. 1957ರಲ್ಲಿ ನ್ಯೂಯಾರ್ಕಿನ ನಾಟಕದ ಬೀದಿ ಬ್ರಾಡ್‌ವೇಯಲ್ಲಿ ‘ನ್ಯೂ ಗರ್ಲ್ ಇನ್ ಟೌನ್’ ಬಂತು. ಯೂಜೀನ್ ಓ’ನೀಲ್ ಅವರ ‘ಅನ್ನಾ ಕ್ರಿಸ್ಟಿ’ ನಾಟಕವನ್ನು ಸಂಗೀತ ನಾಟಕ ಮಾಡಿದ್ದು. ಅದಕ್ಕೆ 1958ರಲ್ಲಿ ಟೋನಿ ಪ್ರಶಸ್ತಿ ಬಂತು, ಸಿನಿಮಾದವರಿಗೆ ಆಸ್ಕರ್ ಹೇಗೋ ರಂಗದವರಿಗೆ ಇದು ಹಾಗೆ. ನಾಯಕಿ ಗ್ವೆನ್ ವರ್ಡನ್ ಮತ್ತು ಥೆಲ್ಮಾ, ಇಬ್ಬರಿಗೂ ಸಮ ಮತ. ಅದೂ ಪೋಷಕ ವಿಭಾಗದಲ್ಲಿ ಅಲ್ಲ, ಸಂಗೀತ ನಾಟಕದ ಅತ್ಯುತ್ತಮ ನಟಿ ಅಂತ. ಸಿನಿಮಾದವರು ಕೊಡದ ಜಾಗವನ್ನು ರಂಗದವರು ಕೊಟ್ಟರು. ರಂಗದವನಾಗಿ ನನಗೆ ಇದು ಹೆಮ್ಮೆ.

ಕ್ವೀನ್ಸ್ ಕನ್ನಡಿಗ

ನಾನು ನ್ಯೂಯಾರ್ಕಿನಲ್ಲಿ 20 ವರ್ಷದಿಂದ ಇದ್ದೇನೆ. ಥೆಲ್ಮಾ ಮಾತಾಡುವ ಇಂಗ್ಲಿಷ್ ಬಗ್ಗೆ ಸ್ವಲ್ಪ ಹೇಳಬೇಕು. ಅದು ಹಳೇ ಬ್ರೂಕ್ಲಿನ್ ಮಾತು. ಕಡೆಯ ‘ರ’ಕಾರ ನುಂಗಿಹೋಗುತ್ತದೆ, ಸ್ವರಗಳು ಅಗಲ. ಆ ಕಾಲದ ಹಾಲಿವುಡ್ ನಾಯಕಿಯರು ತರಬೇತಿ ಪಡೆದು, ಯಾವ ಊರಿನದ್ದೂ ಅಲ್ಲದ ನಾಜೂಕು ಇಂಗ್ಲಿಷ್ ಆಡುತ್ತಿದ್ದರು. ಅವರ ಮಧ್ಯೆ ಇವರು ಬಾಯಿ ತೆರೆದ ಕೂಡಲೇ ಇವರ ಊರು, ಬೀದಿ, ಮನೆಯ ಬಾಡಿಗೆ ಎಲ್ಲ ಗೊತ್ತಾಗುತ್ತಿತ್ತು.

ಒಮ್ಮೆ ಗೆಳೆಯರಿಗಾಗಿ ‘ಆಲ್ ಅಬೌಟ್ ಈವ್’ಗೆ ಕನ್ನಡ ಸಬ್‌ಟೈಟಲ್ ಬರೆಯಲು ಕೂತೆ. ಮಾರ್ಗೊ ಮಾತು ಸಲೀಸಾಗಿ ಬಂತು. ಬರ್ಡಿ ಹತ್ತಿರ ಬಂದು ಪೆನ್ನು ನಿಂತಿತು. ಈವ್ ನಿನ್ನನ್ನೇ ಪಾಠದ ಪುಸ್ತಕದ ಹಾಗೆ ಓದುತ್ತಿದ್ದಾಳೆ ಅಂತ ಅವಳು ಎಚ್ಚರಿಸುವ ಮಾತಿದೆಯಲ್ಲ, ಅದನ್ನು ‘ಅವಳು ನಿಮ್ಮನ್ನು ಅಧ್ಯಯನ ಮಾಡುತ್ತಿದ್ದಾಳೆ’ ಅಂತ ಬರೆದೆ. ಸತ್ತುಹೋಯಿತು. ನಮ್ಮಮ್ಮ ಮಂಡ್ಯದವರು. ಫೋನ್ ಮಾಡಿ ಸಂದರ್ಭ ಹೇಳಿ, ನೀನಾಗಿದ್ದರೆ ಹೇಗೆ ಹೇಳ್ತಿದ್ದೆ ಅಂದೆ. ಒಂದು ಗಳಿಗೆಯೂ ತಡ ಮಾಡದೆ ‘ನಿನ್ನ ನೋಡ್ಕೊಂಡು ನೋಡ್ಕೊಂಡು ನಿನ್ನಂಗೇ ಆಯ್ತಾವ್ಳೆ ಕಣವ್ವ’ ಅಂದರು. ಅದನ್ನೇ ಬರೆದೆ. ಗೆಳೆಯರು ಆ ಸಾಲಿಗೆ ಸಿನಿಮಾ ನಿಲ್ಲಿಸಿ ಹಿಂದಕ್ಕೆ ಹೋಗಿ ಮತ್ತೆ ನೋಡಿದರು.

ಕಾಫಿತೋಟ

ಆಹಾ, ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ನಮ್ಮ ಪದವೊಂದರ ಬಗ್ಗೆ ಯೋಚಿಸುತ್ತಿದ್ದೆ. ಪೋಷಕ ನಟಿ ಅನ್ನುತ್ತೇವೆ. ಪೋಷಕ ಅಂದರೆ ಆಸರೆ ಕೊಡುವವರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಗೋಡೆಗೆ ಊರುಗೋಲು ಕೊಟ್ಟ ಹಾಗೆ. ಆದರೆ ಮಕ್ಕಳ ಶಾಲೆಯ ಅರ್ಜಿಯಲ್ಲೂ ಅದೇ ಪದ ಇದೆಯಲ್ಲ, ತಂದೆ ಅಥವಾ ಪೋಷಕರು ಅಂತ. ಉಣಿಸಿ ಬೆಳೆಸುವವರು. ‘ರಿಯರ್ ವಿಂಡೋ’ನಲ್ಲಿ ಸ್ಟೆಲ್ಲಾ ಇಲ್ಲದಿದ್ದರೆ ಜೆಫ್ ಬರೀ ಇಣುಕಿ ನೋಡುವ ಗಂಡಸು. ಮೊದಲ ದೃಶ್ಯದಲ್ಲೇ ಅವಳು ಬೈದು, ಬೇರೆಯವರ ಮನೆ ನೋಡೋದು ಬಿಟ್ಟು ಆಚೆ ನಿಂತು ನಿಮ್ಮ ಮನೆ ಒಳಗೆ ನೋಡಿಕೊಳ್ಳಿ ಅಂತಾಳೆ. ಸಿನಿಮಾಕ್ಕೆ ಮನಸ್ಸಾಕ್ಷಿ ಬಂದದ್ದೇ ಅಲ್ಲಿಂದ. ಕನ್ನಡದ ಪದ ಅವರಿಗೆ ಸರಿಯಾಗಿ ಒಪ್ಪುತ್ತದೆ.

ರಂಗದ ಹಿಂದೆ

ಇದನ್ನು ಬರೆಯದೆ ಇರೋಕೆ ಆಗುತ್ತಿಲ್ಲ. 1955ರಲ್ಲಿ ಪ್ಯಾಡಿ ಚಯೆಫ್‌ಸ್ಕಿ ಬರೆದ ‘ದ ಕೇಟರ್ಡ್ ಅಫೇರ್’ ಟಿವಿಯಲ್ಲಿ ಬಂತು. ನ್ಯೂಯಾರ್ಕಿನ ಬಡ ಟ್ಯಾಕ್ಸಿ ಚಾಲಕನ ಮನೆ. ಮಗಳ ಮದುವೆಯನ್ನು ಕೈ ಮೀರಿ ಖರ್ಚು ಮಾಡಿ ಅದ್ದೂರಿಯಾಗಿ ಮಾಡಬೇಕು ಅಂತ ಹಟ ಹಿಡಿಯುವ ತಾಯಿ. ಥೆಲ್ಮಾ ಆ ತಾಯಿ ಪಾತ್ರ ಮಾಡಿದರು, ಟಿವಿಯವರ ಎಮ್ಮಿ ಪ್ರಶಸ್ತಿಗೆ ನಾಮಿನೇಷನ್ನೂ ಬಂತು. ಮರುವರ್ಷ ಅದೇ ಕಥೆ ಸಿನಿಮಾ ಆಯಿತು. ತಾಯಿ ಪಾತ್ರ ಬೆಟ್ಟಿ ಡೇವಿಸ್ ಅವರಿಗೆ ಹೋಯಿತು.

ಬೆಟ್ಟಿ ಡೇವಿಸ್ ದೊಡ್ಡ ನಟಿ, ಅವರ ಬಗ್ಗೆ ನನಗೆ ಗೌರವ ಇದೆ. ಪೋಸ್ಟರ್ ಮೇಲೆ ಯಾರ ಹೆಸರಿಗೆ ಟಿಕೆಟ್ ಹರಿಯುತ್ತದೆ ಅನ್ನುವ ಲೆಕ್ಕವೂ ಅರ್ಥವಾಗುತ್ತದೆ. ಆದರೂ ಆ ಅಡುಗೆಮನೆ ಥೆಲ್ಮಾ ಅವರದ್ದು. ‘ಈವ್’ನಲ್ಲಿ ಮಾರ್ಗೊ ಮತ್ತು ಬರ್ಡಿ ಆಗಿದ್ದ ಅದೇ ಇಬ್ಬರು ಅನ್ನುವುದು ಇನ್ನೂ ಚುಚ್ಚುತ್ತದೆ.

ಸಂಜೆಯಾಟ

ಒಪ್ಪುತ್ತೇನೆ. ಹಾಗಂತ ಅವರಿಗೆ ಮುಖ್ಯ ಪಾತ್ರ ಸಿಗಲೇ ಇಲ್ಲ ಅಂತಲ್ಲ. 1951ರಲ್ಲಿ ಜಾರ್ಜ್ ಕ್ಯೂಕರ್ ಅವರ ‘ದ ಮಾಡೆಲ್ ಅಂಡ್ ದ ಮ್ಯಾರೇಜ್ ಬ್ರೋಕರ್’ನಲ್ಲಿ ಮದುವೆ ದಲ್ಲಾಳಿ ಅವರೇ, ಕಥೆ ಅವರ ಸುತ್ತಲೇ. ‘ದ ಮೇಟಿಂಗ್ ಸೀಸನ್’ ಕೂಡ ನಿಜವಾಗಿ ಅವರದ್ದೇ ಸಿನಿಮಾ. ಹ್ಯಾಂಬರ್ಗರ್ ಅಂಗಡಿ ಕಳೆದುಕೊಂಡ ತಾಯಿ, ಮಗ ಶ್ರೀಮಂತರ ಮನೆ ಹುಡುಗಿಯನ್ನು ಮದುವೆಯಾಗಿದ್ದಾನೆ ಅಂತ ನೋಡಲು ಬರುತ್ತಾಳೆ. ಸೊಸೆ ಇವಳನ್ನು ಅಡುಗೆಯವಳು ಅಂದುಕೊಳ್ಳುತ್ತಾಳೆ. ಇವಳು ಹೌದು ಅಂದು ಅಲ್ಲೇ ಅಡುಗೆಗೆ ನಿಲ್ಲುತ್ತಾಳೆ. ಅದಕ್ಕೂ ಕೊಟ್ಟದ್ದು ಪೋಷಕ ನಟಿ ನಾಮಿನೇಷನ್.

1961ರ ‘ದ ಮಿಸ್‌ಫಿಟ್ಸ್’ ಇನ್ನೊಂದು. ಕ್ಲಾರ್ಕ್ ಗೇಬಲ್, ಮೆರಿಲಿನ್ ಮನ್ರೋ ಇಬ್ಬರೂ ಪೂರ್ತಿ ಮಾಡಿದ ಕೊನೆಯ ಸಿನಿಮಾ ಅಂತ ಎಲ್ಲರಿಗೂ ಗೊತ್ತು. ವಿಚ್ಛೇದನಕ್ಕೆ ರೀನೋ ಊರಿಗೆ ಬರುವ ಹೆಂಗಸರಿಗೆ ರೂಮು ಕೊಡುವ ಇಸಬೆಲ್ ಆಗಿ ಥೆಲ್ಮಾ. ಅಲ್ಲೂ ಅರ್ಧಕ್ಕೇ ಹೊರಟುಹೋಗುತ್ತಾಳೆ. ಅವಳು ಹೋದ ಮೇಲೆ ಆ ಮರುಭೂಮಿಯಲ್ಲಿ ಮೆರಿಲಿನ್ ತೀರಾ ಒಂಟಿಯಾಗಿ ಕಾಣುತ್ತಾಳೆ.

ಮೂರನೇ ಸಾಲು

ನಿನ್ನೆ ‘ಪಿಕಪ್ ಆನ್ ಸೌತ್ ಸ್ಟ್ರೀಟ್’ ನೋಡಿದೆ. ಒಂದೇ ಹೆಂಗಸು ಅಂದಿದ್ದೆ, ಆ ಮಾತನ್ನು ವಾಪಸ್ ತಗೊಳ್ಳುತ್ತೇನೆ.

ಗುಂಡಿನ ದೃಶ್ಯ ಸಂಜೆಯಾಟ ಅವರು ಮೊದಲೇ ಹೇಳಿದ್ದರು, ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನನ್ನನ್ನು ಅಲ್ಲಾಡಿಸಿದ್ದು ಅದಕ್ಕಿಂತ ಆಮೇಲೆ ಬರುವುದು. ಮೋ ಪೆಟ್ಟಿಗೆಯನ್ನು ಅನಾಥ ಹೆಣಗಳ ಜೊತೆ ದೋಣಿಯಲ್ಲಿ ಸಾಗಿಸುತ್ತಿರುತ್ತಾರೆ. ಅವಳು ಅಷ್ಟು ವರ್ಷ ಹೆದರಿದ್ದು ಅದಕ್ಕೇ. ಸ್ಕಿಪ್ ಹೋಗಿ ಆ ಪೆಟ್ಟಿಗೆಯನ್ನು ಬಿಡಿಸಿಕೊಂಡು ಬರುತ್ತಾನೆ. ಥೆಲ್ಮಾ ಆ ದೃಶ್ಯದಲ್ಲಿ ಇಲ್ಲವೇ ಇಲ್ಲ. ಆದರೂ ನನಗೆ ಕಾಣುತ್ತಿದ್ದದ್ದು ಅವರ ಮುಖ.

ಇವರ ಮೊದಲ ಸಿನಿಮಾ ಯಾವುದು? ಅಲ್ಲಿಂದ ಶುರುಮಾಡಿ ಸಾಲಾಗಿ ನೋಡೋಣ ಅಂತಿದ್ದೇನೆ.

ಸಂಜೆಯಾಟ

ತುಂಬಾ ಖುಷಿಯಾಯಿತು. ಮೊದಲನೆಯದು 1947ರ ‘ಮಿರಾಕಲ್ ಆನ್ 34ತ್ ಸ್ಟ್ರೀಟ್’, ನಿರ್ದೇಶಕ ಜಾರ್ಜ್ ಸೀಟನ್. ಕೊನೆಯದು 1968ರಲ್ಲಿ, ಅದೂ ಸೀಟನ್ ಅವರದ್ದೇ. ಮರುವರ್ಷ ಫೆಬ್ರವರಿ 5ರಂದು ಹೃದಯಾಘಾತದಿಂದ ತೀರಿಕೊಂಡರು. 67 ತುಂಬಲು 9 ದಿನ ಬಾಕಿ ಇತ್ತು.

ಮೊದಲ ಸಿನಿಮಾದಲ್ಲಿ ತಪ್ಪಿಸಿಕೊಳ್ಳಬೇಡಿ, ಬಹಳ ಚಿಕ್ಕ ಪಾತ್ರ. ಮೇಸೀಸ್ ಅಂಗಡಿ, ಕ್ರಿಸ್ಮಸ್ ಜನಜಂಗುಳಿ. ಮಗ ಸಾಂಟಾ ಹತ್ತಿರ ಆಟದ ಫೈರ್ ಎಂಜಿನ್ ಕೇಳುತ್ತಾನೆ, ಸಾಂಟಾ ಕೊಡಿಸುತ್ತೇನೆ ಅಂತ ಮಾತು ಕೊಟ್ಟುಬಿಡುತ್ತಾನೆ. ಊರೆಲ್ಲ ಸುತ್ತಿ ಎಲ್ಲೂ ಸಿಗದೆ ಕಾಲು ಸೋತ ತಾಯಿ ಥೆಲ್ಮಾ. ಅವನಿಗೆ ಯಾಕೆ ಹೇಳಿದೆ ಅಂತ ಸಾಂಟಾ ಮೇಲೇ ರೇಗುತ್ತಾಳೆ. ಅದು ಬೇರೆ ಅಂಗಡಿಯಲ್ಲಿ ಸಿಗುತ್ತದೆ, ಅಲ್ಲಿಗೆ ಹೋಗಿ ಅನ್ನುತ್ತಾನೆ ಸಾಂಟಾ. ಅವಳ ಮುಖ ನೋಡಬೇಕು. ಮೊದಲು ನಂಬುವುದಿಲ್ಲ. ಆಮೇಲೆ ನಿಧಾನಕ್ಕೆ ನಂಬುತ್ತಾಳೆ. ಇಷ್ಟನ್ನು ನೋಡಿಯೇ ಸ್ಟುಡಿಯೋ ಮುಖ್ಯಸ್ಥ ಡ್ಯಾರಿಲ್ ಜಾನಕ್ ಆ ಪಾತ್ರವನ್ನು ಇನ್ನಷ್ಟು ಬೆಳೆಸಿ ಅಂದದ್ದು.

ದಾದಿ ಅಕ್ಕ

ನಾಳೆ, ನಾಡಿದ್ದು ಎರಡೂ ದಿನ ರಾತ್ರಿ ಡ್ಯೂಟಿ ಇದೆ. ಶನಿವಾರ ಈ ಸಿನಿಮಾ ನೋಡುತ್ತೇನೆ. ಈಗ ನೋಡಿಕೊಳ್ಳುತ್ತಿರುವ ಅಮ್ಮನಿಗೂ ಹೇಳಿದ್ದೇನೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಪಕ್ಕದಲ್ಲಿ ಕೂತು ನಾನು ಹೇಳುತ್ತಾ ಹೋಗುತ್ತೇನೆ.